ಗೇಟ್ ಕಾಕಾ ಬರೆಯದ ಮನೆ

ಅವರ ಮನೆಗೆ ಒಂದು ಕಪ್ ಚಹಾ ಕುಡಿಯಲು ಹೋದರೂ ರಿಜಿಸ್ಟರಿನಲ್ಲಿ ಸಹಿ ಮಾಡಬೇಕಾಗಿತ್ತು. ತಮಾಷೆಗೆ ಹೇಳುತ್ತಿಲ್ಲ. ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ಪೆನ್ನು ನೇತುಹಾಕಿದ್ದರು, ಕೆಳಗೆ ಸ್ಟೂಲಿನ ಮೇಲೆ ಉದ್ದನೆಯ ರಿಜಿಸ್ಟರು. ಹೆಸರು, ಬಂದ ಸಮಯ, ಯಾರನ್ನು ಕಾಣಬೇಕು, ಕಾರಣ, ಹೋದ ಸಮಯ, ಸಹಿ. ಮೊದಲ ಸಲ ನಾನು ಹೋದದ್ದು ಅವರ ಹೆಂಡತಿಯ ಹತ್ತಿರ ಒಂದು ಸಿವುಡು ಮೆಂತ್ಯೆ ಸೊಪ್ಪು ಕೇಳಲು. ಕಾರಣ ಎಂಬಲ್ಲಿ ಏನು ಬರೆಯುವುದೋ ತಿಳಿಯದೆ 'ಮೆಂತ್ಯೆ' ಎಂದೇ ಬರೆದೆ. ಸಮಯ ಹತ್ತೂವರೆ ಎಂದು ಬರೆದವಳು ಗಡಿಯಾರ ನೋಡಿ, ಅಯ್ಯೋ ತಪ್ಪಾಯಿತೆಂದು ಅದನ್ನು ಗೀಚಿಹಾಕಲು ಹೋದೆ. ಮನುಷ್ಯ ಹಾರಿ ಬಂದು ಪೆನ್ನು ಹಿಡಿದುಕೊಂಡರು.

"ಗೀಚಬ್ಯಾಡ್ರಿ ಟೀಚರ್ರ! ತಪ್ಪು ಕಾಣಬೇಕ್ರಿ. ಅದರ ಮ್ಯಾಲೆ ಒಂದ ಗೆರಿ ಎಳೀರಿ, ಬಾಜೂಕ ಖರೇ ಟೈಮ್ ಬರೀರಿ, ಸಹಿ ಮಾಡ್ರಿ. ಯಾರು ತಿದ್ದಿದ್ರು ಅನ್ನೂದು ನಾಳೆ ನೋಡಿದವರಿಗೆ ಗೊತ್ತಾಗಬೇಕಲ್ರಿ."

ಇಪ್ಪತ್ತು ವರ್ಷ ಕೆಂಪು ಪೆನ್ನಿನಿಂದ ಮಕ್ಕಳ ನೋಟ್‌ಬುಕ್ ತಿದ್ದಿದವಳು ನಾನು. ನನಗೇ ತಿದ್ದುವುದು ಕಲಿಸುತ್ತಾರಲ್ಲ ಎಂದು ಮೂಗಿನ ತುದಿಯಲ್ಲಿ ಸಿಟ್ಟು ಬಂತು. ಆದರೂ ಗೆರೆ ಎಳೆದೆ, ಬರೆದೆ, ಸಹಿ ಮಾಡಿದೆ. ಮೆಂತ್ಯೆ ಸಿಕ್ಕಿತು.

ಗುಡ್ಡದಲ್ಲಿ ಎಲ್ಲರೂ ಅವರನ್ನು ಗೇಟ್ ಕಾಕಾ ಅನ್ನುತ್ತಿದ್ದರು. ನಿಜವಾದ ಹೆಸರು ನಾನಿಲ್ಲಿ ಬರೆಯುವುದಿಲ್ಲ, ಬರೆಯಬೇಡಿ ಎಂದು ಅವರೇ ಹೇಳಿಹೋಗಿದ್ದಾರೆ. ಕಳೆದ ತಿಂಗಳು ಇಲ್ಲೇ ಗೋವಾದ ಫಾತೋರ್ಡಾದಲ್ಲಿ ತೀರಿಕೊಂಡರು. ಕಟ್ಟುತ್ತಿರುವ ಯಾವುದೋ ಕಟ್ಟಡದ ಗೇಟಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಂತೆಯೇ ಜೀವ ಹೋಗಿತ್ತಂತೆ. ಸಿಮೆಂಟಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಇಳಿದು ಬಂದು ನೋಡಿದ್ದಾನೆ. ಹಾರ್ನ್ ಎರಡನೇ ಸಲ ಹೊಡೆಯಲು ಬಿಟ್ಟ ಮನುಷ್ಯರಲ್ಲ ಅವರು.

ನಾವಿರುವುದು ಗೋವಾದ ಒಂದು ಬಂದರಿನ ಮಗ್ಗುಲಿಗೆ, ಕೆಂಪು ಗುಡ್ಡದ ಇಳಿಜಾರಿನಲ್ಲಿ. ಬುಡದಲ್ಲಿ ಎಣ್ಣೆ ತುಂಬಿದ ಆರು ದೊಡ್ಡ ಟಾಕಿಗಳಿವೆ, ಸುತ್ತ ಎತ್ತರದ ಗೋಡೆ. ಆ ಗೋಡೆಗೆ ಬೆನ್ನು ಹಚ್ಚಿ ನಮ್ಮ ಓಣಿ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು, ಬಂದರಿನಲ್ಲಿ ಮೂಟೆ ಹೊತ್ತು, ಊರವರ ಬಂಗಲೆಗಳಿಗೆಲ್ಲ ಸ್ಲ್ಯಾಬ್ ಹಾಕಿ, ತಮಗೆ ಮಾತ್ರ ತಗಡು ಹೊದಿಸಿಕೊಂಡವರ ಓಣಿ. ಈಗ ಇಲ್ಲಿಯ ಮನೆಗಳ ಮೇಲೆಲ್ಲ ಹಳದಿ ಬಣ್ಣದ ನಂಬರು ಬಿದ್ದಿದೆ, ಒಂದರಿಂದ ಅರವತ್ತಮೂರರವರೆಗೆ. ಮಳೆ ಮುಗಿದ ಮೇಲೆ ಯಂತ್ರ ಬಂದು ಕೆಡವುತ್ತದೆ ಅನ್ನುತ್ತಾರೆ. ಆ ನಂಬರಿಗೂ ಗೇಟ್ ಕಾಕಾನ ಓದಿಗೂ ಸಂಬಂಧವಿದೆ. ನನಗೂ ಸಂಬಂಧವಿದೆ. ಅವರು ಸತ್ತ ಮೇಲಾದರೂ ಅದನ್ನು ಹೇಳದಿದ್ದರೆ ನನ್ನ ಬಾಯಿಗೆ ಹುಳ ಬೀಳಲಿ.

ಕಾಕಾ ಮುದ್ದೇಬಿಹಾಳದ ಕಡೆಯವರು. ಮೊದಲು ಸಾಂಗೆಯ ಗಣಿಯೊಂದರ ಗೇಟಿನಲ್ಲಿದ್ದರು, ಅದಿರಿನ ಲಾರಿಗಳ ನಂಬರು ಬರೆಯುವ ಕೆಲಸ. ಗಣಿ ನಿಂತಾಗ ಗುಡ್ಡಕ್ಕೆ ಬಂದರು, ಇಲ್ಲಿಯ ಟಾಕಿಗಳ ಗೇಟಿಗೆ ಏಜೆನ್ಸಿಯ ಮೂಲಕ ಸೇರಿದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಮೀಸೆಯ ಒಂದು ಬದಿ ಮಾತ್ರ ಬೆಳ್ಳಗಾಗಿತ್ತು. ಇಸ್ತ್ರಿ ಇಲ್ಲದ ಅಂಗಿ ತೊಟ್ಟಿದ್ದನ್ನು ನಾನು ಕಾಣೆ. ಯಾರನ್ನಾದರೂ ಮಾತಾಡಿಸುವ ಮೊದಲು ಅವರ ಕೈ ನೋಡುತ್ತಿದ್ದರು, ಆಮೇಲೆ ಮುಖ. "ಮಾರಿ ನಗ್ತೈತ್ರಿ. ಕೈಯಾಗ ಏನೈತಿ ಅನ್ನೂದು ಮೊದಲ ನೋಡಬೇಕು," ಅನ್ನುತ್ತಿದ್ದರು. ಪಾವ್ ಮಾರುವ ಪೊದೇರ್ ಸೈಕಲ್ಲಿನ ಹಾರ್ನ್ ಒತ್ತುತ್ತ ಓಣಿಗೆ ಬಂದರೆ ಅವನ ಬುಟ್ಟಿಯ ಬಟ್ಟೆಯನ್ನೂ ಎತ್ತಿ ನೋಡಿಯೇ ಒಳಗೆ ಬಿಡುತ್ತಿದ್ದರು. ಅವನು ಕೊಂಕಣಿಯಲ್ಲಿ ಬೈದುಕೊಂಡೇ ನಗುತ್ತಿದ್ದ.

ಐವತ್ತೆರಡನೆಯ ವಯಸ್ಸಿಗೆ ಎಂ.ಎ. ಓದುತ್ತೇನೆಂದು ಹೊರಟರು. ಬಿ.ಎ. ಅನ್ನು ಗಣಿಯ ಗೇಟಿನಲ್ಲಿ ಕೂತೇ ಮುಗಿಸಿದ್ದರು. ಟಾಕಿಗಳಿಗೆ ತಪಾಸಣೆಗೆ ಬಂದ ಸೂಟಿನ ಸಾಹೇಬನೊಬ್ಬ ಗೇಟಿನ ಬಳಿ ಇವರನ್ನು ನಿಲ್ಲಿಸಿ, ಸೆಕ್ಯುರಿಟಿ ಅಂದರೆ ನಿನಗೇನು ಗೊತ್ತು ಎಂದು ಇಂಗ್ಲಿಷಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ನಕ್ಕು ಹೋದನಂತೆ. ಅದು ಅವರಿಗೆ ನಾಟಿತ್ತು. ಫೋನಿನಲ್ಲಿ ಜಾಹೀರಾತು ಬಂತು: ರಾಷ್ಟ್ರೀಯ ಭದ್ರತೆಯಲ್ಲಿ ಸ್ನಾತಕೋತ್ತರ ಪದವಿ, ಮನೆಯಲ್ಲೇ ಕುಳಿತು, ಎರಡು ವರ್ಷ. ನನಗೆ ತಂದು ತೋರಿಸಿದರು.

"ಕಾಕಾ, ನಿಮಗ್ಯಾಕ್ರಿ ಇದು?" ಅಂದೆ.

"ಮೂವತ್ತು ವರ್ಷ ಸೆಕ್ಯುರಿಟಿ ಮಾಡೇನ್ರಿ ಟೀಚರ್ರ. ನ್ಯಾಷನಲ್ ಒಂದು ಬಾಕಿ ಐತಿ," ಅಂದರು. ಮುಖದಲ್ಲಿ ನಗುವಿರಲಿಲ್ಲ.

ಉತ್ತರದ ಯಾವುದೋ ವಿಶ್ವವಿದ್ಯಾಲಯ. ಭಾನುವಾರ ಹನ್ನೊಂದಕ್ಕೆ ತರಗತಿ. ಜೋಳದ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ, ಪೂರ್ತಿ ಯೂನಿಫಾರ್ಮ್ ತೊಟ್ಟು, ಟೋಪಿ ಹಾಕಿ ಕೂರುತ್ತಿದ್ದರು. ತರಗತಿಯಲ್ಲಿ ನಲವತ್ತು ಜನ, ಯಾರೂ ಮುಖ ತೋರಿಸುವವರಲ್ಲ, ಬರೀ ಹೆಸರಿನ ಡಬ್ಬಿಗಳು. ಇವರೊಬ್ಬರದೇ ಕ್ಯಾಮೆರಾ ಚಾಲೂ. ಹಾಜರಿ ಕರೆದಾಗ ಎದ್ದು ನಿಂತು "ಪ್ರೆಸೆಂಟ್ ಸರ್" ಅನ್ನುತ್ತಿದ್ದರು, ಪರದೆಯ ಮೇಲೆ ಇವರ ಬೆಲ್ಟು ಮಾತ್ರ ಕಾಣುತ್ತಿತ್ತು. ಒಮ್ಮೆ ಅವರ ನೋಟ್ಸ್ ನೋಡಿದೆ. ಹನ್ನೊಂದು ಇಪ್ಪತ್ತು, ಸರ್ ನೀರು ಕುಡಿದರು. ಹನ್ನೊಂದು ಇಪ್ಪತ್ತೆರಡು, ಗಡಿ ವಿಷಯ ಆರಂಭ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರ ಹೆಂಡತಿ, ನಮ್ಮ ಕಾಕು, ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ, "ನಗಬ್ಯಾಡ್ರಿ ಟೀಚರ್ರ, ಕ್ಲಾಸ್ ನಡದಾಗ ನನಗ ರೊಟ್ಟಿ ಬಡಿಯಾಕೂ ಬಿಡಾಂಗಿಲ್ಲ ಇವರು, ಸಪ್ಪಳ ಆಕೈತಿ ಅಂತ," ಎಂದು ದೂರು ಹೇಳಿದರು. ರೊಟ್ಟಿ ಮಾರಿ ಅವರ ಫೀ ತುಂಬುತ್ತಿದ್ದವರು ಆಕೆಯೇ.

ಕಲಿತದ್ದನ್ನೆಲ್ಲ ನಲ್ಲಿಯ ಹತ್ತಿರ ಓಣಿಗೆ ಹಂಚುತ್ತಿದ್ದರು. "ಥ್ರೆಟ್ ಅಂದ್ರ ಹೊರಗಿಂದು. ವಲ್ನರೆಬಿಲಿಟಿ ಅಂದ್ರ ನಮ್ಮೊಳಗಿಂದು, ಕೀಲಿ ಹಾಕಲಾರದ ಬಾಗಲಾ." ಗೌಂಡಿ ಕೆಲಸದ ದುರ್ಗಪ್ಪ ಓಣಿಗೆ ಹಿರಿಯ, ನೀರಿನ ಜಗಳ ಬಿಡಿಸುವವನು. ಅವನು, "ಕಾಕಾ, ನಮ್ಮ ಮನೀಗೆ ಬಾಗಲಾನ ಇಲ್ಲ, ಗೋಣಿಚೀಲ ಐತಿ. ಅದಕ್ಕೇನಂತಾರ?" ಎಂದು ಕಾಡುತ್ತಿದ್ದ.

ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಪರದೆಯ ಮೇಲಿನ ಪ್ರೊಫೆಸರು ಒಳ್ಳೆಯ ಮನುಷ್ಯ, ಇವರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಕಾಕಾ ಕೈ ಎತ್ತಿ ತಮ್ಮ ಹರಕು ಹಿಂದಿಯಲ್ಲಿ ಕೇಳಿದರು: ಸರ್, ನಮ್ಮ ಓಣಿ ಈ ನ್ಯಾಷನಲ್ ಅನ್ನೋದರಲ್ಲಿ ಬರುತ್ತದೆಯೇ? ಪ್ರೊಫೆಸರು ನಕ್ಕು "ಗುಡ್ ಕ್ವೆಶ್ಚನ್" ಅಂದು ಮುಂದಿನ ಚಿತ್ರಕ್ಕೆ ಹೋದರು. ಕಾಕಾ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು: ಹನ್ನೆರಡು ಹತ್ತು, ಪ್ರಶ್ನೆ ಕೇಳಲಾಯಿತು, ಉತ್ತರ ಬಾಕಿ.

ಆ ಪ್ರಶ್ನೆ ಅವರಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೆ ಟಾಕಿಗಳ ಕಡೆಯಿಂದ ಸೈರನ್ ಕೂಗುತ್ತದೆ. ಪರೀಕ್ಷೆಗೆಂದು ಕೂಗಿಸುವುದು. ನಮ್ಮ ಮಕ್ಕಳು ಅದರ ಜೊತೆ ತಾವೂ ಕೂಗಿ ಆಟವಾಡುತ್ತವೆ. ಗಾಳಿ ಇಲ್ಲದ ದಿನ ಓಣಿಯಲ್ಲೆಲ್ಲ ಎಣ್ಣೆಯ ವಾಸನೆ ತುಂಬಿ, ಒಲೆ ಹಚ್ಚುವಾಗ ಕಡ್ಡಿ ಗೀರಲು ಕೈ ಹಿಂಜರಿಯುತ್ತದೆ. ಕಾಕಾ ಒಮ್ಮೆ ಸೈರನ್ ಮುಗಿಯುವ ತನಕ ನಿಂತು ಕೇಳಿ ನನ್ನ ಕಡೆ ತಿರುಗಿದರು. "ಓಡ್ರಿ ಅಂತ ಹೇಳಾಕತ್ತೈತಿ ಅದು. ಎಲ್ಲಿಗೆ ಓಡೂದ್ರಿ ಟೀಚರ್ರ? ಕೆಳಗ ಗ್ವಾಡಿ, ಮ್ಯಾಲೆ ಕಲ್ಲು. ಹೊರಗ ಹೋಗಾಕ ಇರೋದು ಒಂದ ದಾರಿ, ಅದೂ ಟಾಕಿ ಗೇಟಿನ ಮುಂದಿಂದ." ಅಂದಿನಿಂದ ನಾನು ಸೈರನ್ ಕೇಳಿದಾಗಲೆಲ್ಲ ಮಕ್ಕಳನ್ನು ಲೆಕ್ಕ ಹಾಕತೊಡಗಿದೆ.

ಮೂರನೆಯ ಸೆಮಿಸ್ಟರಿಗೆ ದೊಡ್ಡ ಅಸೈನ್‌ಮೆಂಟು ಬಂತು. ನಿಮ್ಮ ಸುತ್ತಲಿನ ಒಂದು ಮುಖ್ಯ ಸ್ಥಾವರವನ್ನು ಆರಿಸಿಕೊಂಡು ಅದರ ಭದ್ರತೆಯ ವಿಶ್ಲೇಷಣೆ ಮಾಡಿ, ನಕ್ಷೆ ಸಹಿತ. ಅರ್ಧ ಅಂಕ ಅದಕ್ಕೇ. ಕಾಕಾ ಒಂದು ತಿಂಗಳು ರಜೆಯ ದಿನವೆಲ್ಲ ಗುಡ್ಡ ಸುತ್ತಿದರು. ಹೆಜ್ಜೆ ಹಾಕಿ ಅಳೆದರು, ಯಾವ ಮನೆಯಲ್ಲಿ ಮುದುಕರಿದ್ದಾರೆ, ಯಾವ ಮನೆಯಲ್ಲಿ ಬಾಣಂತಿ ಎಂದು ಬರೆದುಕೊಂಡರು. "ಗೇಟಿನ ಒಳಗಿಂದು ಒಂದ ಅಕ್ಷರ ಬರಿಯಾಂಗಿಲ್ರಿ ನಾ. ಅದು ನೌಕರಿ. ಹೊರಗ ಕಣ್ಣಿಗೆ ಕಾಣೋದಷ್ಟ," ಅಂದರು. ಹದಿನೆಂಟು ಪುಟ ಕನ್ನಡದಲ್ಲಿ ಬರೆದು ನನ್ನ ಮುಂದೆ ಇಟ್ಟರು. ಇಂಗ್ಲಿಷ್ ಮಾಡಿಕೊಡಬೇಕಿತ್ತು.

ಆ ಪುಟಗಳು ನನಗೆ ಈಗಲೂ ಬಾಯಿಪಾಠ. 'ಟಾಕಿಗಳ ಗೋಡೆಗೆ ಹತ್ತಿ ಮನೆಗಳಿವೆ. ಅಲ್ಲಿ ದುಡಿದು ತಿನ್ನುವ ಮಂದಿ ಇದ್ದಾರೆ. ಗೋಡೆಯಲ್ಲಿ ಮೂರು ಕಡೆ ಬಿರುಕಿದೆ, ಯಾರೂ ಮುಚ್ಚಿಲ್ಲ. ಟಾಕಿಗೆ ಬೆಂಕಿ ಹತ್ತಿದರೆ ಈ ಮಂದಿ ಎಲ್ಲಿಗೆ ಓಡಬೇಕು? ಇವರನ್ನು ಕಾಯುವುದೂ ರಾಷ್ಟ್ರದ ಭದ್ರತೆಯೇ ಎಂದು ನನ್ನ ನಂಬಿಕೆ.' ಹದಿನೆಂಟು ಪುಟದ ಸಾರ ಅಷ್ಟೇ. ಅಂಥ ಕನ್ನಡವನ್ನು ನಮ್ಮ ಶಾಲೆಯ ಯಾವ ಮೇಷ್ಟ್ರೂ ಬರೆಯಲಾರರು.

ನಾನೇನು ಮಾಡಿದೆ? ಪ್ರೊಫೆಸರು ಮಾದರಿಗೆಂದು ಕಳಿಸಿದ್ದ ಒಂದು ಪ್ರಬಂಧವನ್ನು ಪಕ್ಕಕ್ಕಿಟ್ಟುಕೊಂಡೆ. ಅದರ ದೊಡ್ಡ ದೊಡ್ಡ ಮಾತುಗಳು ನನಗೆ ಹಿಡಿಸಿದವು. ಕಾಕಾನ ಮಾತುಗಳು ತೀರ ಬಡವಾಗಿ ಕಂಡವು. ಅಂಕ ಬರಬೇಡವೇ? ಮಾದರಿಯ ವಾಕ್ಯಗಳನ್ನೇ ಎತ್ತಿ, ಅದರೊಳಗೆ ನಮ್ಮ ಗುಡ್ಡವನ್ನು ಕೂರಿಸಿದೆ. ದುಡಿದು ತಿನ್ನುವ ಮಂದಿ 'ಅನಧಿಕೃತ ವಸತಿ' ಆದರು. ಬಿರುಕು 'ಒಳನುಸುಳುವ ಮಾರ್ಗ' ಆಯಿತು. ಎಲ್ಲಿಗೆ ಓಡಬೇಕು ಎಂಬ ಪ್ರಶ್ನೆಯನ್ನು ಬಿಟ್ಟೇಬಿಟ್ಟೆ. ಕೊನೆಗೆ, ಈ ವಸತಿಯು ಮಹತ್ವದ ಸ್ಥಾವರಕ್ಕೆ ಗಂಭೀರ ಅಪಾಯ ಒಡ್ಡಿದೆ ಎಂದು ಇಂಗ್ಲಿಷಿನಲ್ಲಿ ಠೀವಿಯಿಂದ ಮುಗಿಸಿ, ಎರಡು ಸಲ ಓದಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆ ವಸತಿಯಲ್ಲಿ ನನ್ನ ಮನೆಯೂ ಇತ್ತು. ಅದು ತಲೆಗೇ ಹೋಗಲಿಲ್ಲ ನೋಡಿ. ಇಂಥ ಪೆದ್ದಿಯ ಕೈಗೆ ಸರ್ಕಾರ ಮಕ್ಕಳನ್ನು ಕೊಟ್ಟಿದೆ.

ಕಾಕಾ ಹಾಳೆಗಳನ್ನು ಎರಡೂ ಕೈಯಿಂದ ತೆಗೆದುಕೊಂಡರು. ಇಂಗ್ಲಿಷ್ ಅಕ್ಷರ ಓದುತ್ತಿದ್ದರೇ ಹೊರತು ಅಷ್ಟು ಭಾರದ ವಾಕ್ಯ ಅವರಿಗೆ ಎಟುಕುತ್ತಿರಲಿಲ್ಲ. "ಓದಿ ಹೇಳಲೇನ್ರಿ?" ಅಂದೆ. "ನೀವು ಬರದ್ರಿ ಅಂದಮ್ಯಾಲೆ ಮತ್ತೇನ್ ಓದೂದ್ರಿ," ಎಂದು ಕೊನೆಯ ಪುಟದಲ್ಲಿ ಸಹಿ ಮಾಡಿದರು. ನಕ್ಷೆ ಮಾತ್ರ ನನಗೆ ತೋರಿಸಲಿಲ್ಲ. "ಅದನ್ನ ನಾ ಹಚ್ಚಿ ಕಳಸ್ತೇನ್ರಿ" ಅಂದರು. ಫೋಟೋ ತೆಗೆದು ತಾವೇ ಕಳಿಸಿದರು.

ಎ ಪ್ಲಸ್ ಬಂತು. ಕಾಕು ಶೇಂಗಾ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದರು. ಅತಿಥಿ ಉಪನ್ಯಾಸಕ್ಕೆ ಬಂದ ನಿವೃತ್ತ ಅಧಿಕಾರಿಯೊಬ್ಬರು ತರಗತಿಯಲ್ಲೇ ಈ ಪ್ರಬಂಧವನ್ನು ಹೊಗಳಿ, ಇದು ಸಂಬಂಧಪಟ್ಟವರಿಗೆ ತಲುಪಬೇಕು, ಒಂದು ಪ್ರತಿ ನನಗೆ ಕೊಡಿ ಎಂದರಂತೆ. ಕಾಕಾನ ಖುಷಿ ನೋಡಬೇಕಿತ್ತು. "ತಲಪತೈತ್ರಿ ಟೀಚರ್ರ! ಇನ್ನ ಗ್ವಾಡಿ ರಿಪೇರಿ ಆಕೈತಿ, ದಾರಿ ಆಕೈತಿ!" ಆ ಹೋಳಿಗೆ ನಾನು ಎರಡು ತಿಂದೆ.

ಆಮೇಲೆ ಬಂದದ್ದು ದಾರಿಯಲ್ಲ. ಒಂದು ಬೆಳಿಗ್ಗೆ ಓಣಿಯ ಮೇಲೆ ಡ್ರೋನ್ ಹಾರಿತು. ಮಕ್ಕಳು ಅದಕ್ಕೆ ಕೈ ಬೀಸಿ ಟಾಟಾ ಮಾಡಿದವು. ವಾರದ ನಂತರ ಇಬ್ಬರು ಟೇಪು ಹಿಡಿದು ಅಳೆದು, ಕೇಳಿದ್ದಕ್ಕೆ ಉತ್ತರ ಕೊಡದೆ ಹೋದರು. ಓಣಿಯ ಬಗ್ಗೆ ಅವರ ಹತ್ತಿರ ಮೊದಲೇ ಕಾಗದಗಳಿದ್ದಿರಬಹುದು, ಯಾವ ಕಾಲದಿಂದಲೋ ಯೋಜನೆ ಇದ್ದಿರಬಹುದು. ನಾನು ಹಾಗೆಂದು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಆದರೆ ಹಳದಿ ಬಣ್ಣದ ಡಬ್ಬಿ ಬಂದ ದಿನ ಆ ಸಮಾಧಾನವೂ ಹೋಯಿತು.

ಮೂರು ಜನ ಬಂದಿದ್ದರು. ಒಬ್ಬನ ಕೈಯಲ್ಲಿ ಕಾಗದ, ಒಬ್ಬನ ಕೈಯಲ್ಲಿ ಬ್ರಷ್ಷು. ಕಾಗದದವನು ನೋಡಿ ಹೇಳುತ್ತಿದ್ದ, ಬ್ರಷ್ಷಿನವನು ಬರೆಯುತ್ತಿದ್ದ. ಒಂದನೆಯ ನಂಬರು ಗೇಟ್ ಕಾಕಾನ ಮನೆಗೇ. ದುರ್ಗಪ್ಪನದು ಮೂವತ್ತೊಂದು. ನನ್ನ ಮನೆಯ ಮುಂದೆ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಕಾಗದದವನು ಕಾಗದ ನೋಡಿದ, ಮನೆ ನೋಡಿದ, ಮತ್ತೆ ಕಾಗದ ನೋಡಿದ. "ಇದು ಇದರಲ್ಲಿಲ್ಲ" ಎಂದು ಹಿಂದಿಯಲ್ಲಿ ಹೇಳಿ ಮುಂದೆ ಹೋದ. ಕಾಕಾ ನನಗೆ ತೋರಿಸದೆ ಕಳಿಸಿದ ನಕ್ಷೆ ನೆನಪಾಯಿತು. ಅಲ್ಲಿ ಮನೆ ಇಲ್ಲವೆಂದು ಬರೆದವನು ನಮ್ಮವನೇ ಇರಬೇಕು, ಡ್ರೋನಿನ ಕಣ್ಣಿಗಾದರೆ ನನ್ನ ತಗಡೂ ಕಾಣುತ್ತಿತ್ತಲ್ಲ.

ಮರುದಿನ ನಲ್ಲಿಯ ಹತ್ತಿರ ಕೊಡಗಳು ಸಾಲುಗಟ್ಟಿದ್ದವು. ನನ್ನ ಪಕ್ಕದ ಮನೆಯ ಬಸವ್ವ ಮೊದಲು ಬಾಯಿ ತೆಗೆದಳು. "ಎಲ್ಲಾರ ಮನೀಗೂ ಬಳದ್ರು. ಟೀಚರ್ ಮನಿ ಒಂದ ಹೆಂಗ ಬಿಟ್ರು ಅಂತೀನಿ. ಇಂಗ್ಲಿಷ್ ಬರಿಯಾಕ ಬರೂದು ಈ ಓಣ್ಯಾಗ ಯಾರಿಗೆ?"

ದುರ್ಗಪ್ಪ ನನ್ನ ಕಡೆ ನೋಡಿದ. "ಹೇಳ್ರಿ ಟೀಚರ್ರ. ಅವರ ಹಂತ್ಯಾಕ ಕಾಗದಾ ಹೆಂಗ ಬಂತು?"

ಹೇಳಬೇಕಿತ್ತು. ಆಗಲೇ ಹೇಳಬೇಕಿತ್ತು. ಹಿಂದಿನ ರಾತ್ರಿ ನಮ್ಮ ಮನೆಯವರು "ಸುಮ್ನಿರು, ನೌಕರಿ ಹೋಕೈತಿ" ಅಂದಿದ್ದರು. ಆದರೆ ಅವರ ಮೇಲೆ ಯಾಕೆ ಹಾಕಲಿ, ನನ್ನ ನಾಲಗೆ ನನ್ನ ಬಾಯಲ್ಲೇ ಇತ್ತು. ಅಷ್ಟರಲ್ಲಿ ಡ್ಯೂಟಿಗೆ ಹೊರಟ ಗೇಟ್ ಕಾಕಾ ಇಳಿದು ಬಂದರು. ನಿಂತರು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

"ನಾ ಬರದೇನಿ. ಆ ಕಾಗದಾ ನಂದು. ನನ್ನ ಪರೀಕ್ಷಾದ್ದು."

ಯಾರಿಗೂ ಅರ್ಥವಾಗಲಿಲ್ಲ. ಅವರು ಎರಡನೇ ಸಲ ಹೇಳಿದರು, ಇನ್ನೂ ಸ್ಪಷ್ಟವಾಗಿ. ದುರ್ಗಪ್ಪ ಕೊಡ ಕೆಳಗಿಟ್ಟ.

"ನಿನಗ ಇಂಗ್ಲಿಷ್ ಎಲ್ಲಿ ಬರ್ತೈತಿ ಕಾಕಾ? ಯಾರು ಬರದು ಕೊಟ್ರು?"

"ಫೋನ್ ಬರೀತೈತಪಾ ಈಗ. ಕನ್ನಡದಾಗ ಹೇಳಿದ್ರ ಇಂಗ್ಲಿಷ್ ಮಾಡಿ ಕೊಡ್ತೈತಿ."

ಅವರು ಬಾಯಿಬಿಟ್ಟು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನ ಕಡೆ ಅವರು ನೋಡಲೂ ಇಲ್ಲ. ನಲ್ಲಿಯ ಕೆಳಗೆ ನನ್ನ ಕೊಡ ತುಂಬಿ ಹರಿಯುತ್ತಿತ್ತು, ನಾನು ಅದನ್ನು ಸರಿಸಲಿಲ್ಲ.

ಆಮೇಲೆ ಓಣಿ ಅವರನ್ನು ಬಿಟ್ಟಿತು. ಕಾಕುವಿನ ರೊಟ್ಟಿ ಯಾರೂ ಕೊಳ್ಳಲಿಲ್ಲ. ಒಣಹಾಕಿದ ಯೂನಿಫಾರ್ಮನ್ನು ಯಾರೋ ಕೆಸರಿನಲ್ಲಿ ತುಳಿದು ಹಾಕಿದ್ದರು. ಕಾಕಾ ಅದನ್ನು ಎತ್ತಿ, ತೊಳೆದು, ಇಸ್ತ್ರಿ ಮಾಡಿ ಮರುದಿನ ತೊಟ್ಟುಕೊಂಡೇ ಹೋದರು. ಏಜೆನ್ಸಿಗೆ ಸುದ್ದಿ ತಲುಪಿ ಅಲ್ಲಿಂದಲೂ ತೆಗೆದರು, ಸ್ಥಾವರದ ಬಗ್ಗೆ ಹೊರಗೆ ಬರೆದರೆಂದು. ಕೊನೆಯ ಸೆಮಿಸ್ಟರು ಅಲ್ಲಿಗೇ ನಿಂತಿತು. ನನಗೆ ಅವರ ಮನೆಯ ಕಡೆ ಕಾಲಿಡಲು ಧೈರ್ಯ ಬಂದದ್ದು ಅವರು ಗುಡ್ಡ ಬಿಡುವ ಹಿಂದಿನ ದಿನ. ರಿಜಿಸ್ಟರಿನಲ್ಲಿ ಹೆಸರು ಬರೆದೆ. ಕಾರಣ ಎಂಬಲ್ಲಿ ಕೈ ನಿಂತಿತು.

"ಖಾಲಿ ಬಿಡ್ರಿ," ಅಂದರು ಕಾಕಾ. ಇಂಥ ರಿಯಾಯಿತಿ ಅವರು ಯಾರಿಗೂ ಕೊಟ್ಟವರಲ್ಲ. ಕಾಕು ಚಹಾ ತಂದಿಟ್ಟು ಒಳಗೆ ಹೋದರು.

"ಓದಿಸಿ ಕೇಳಿದೆ ಟೀಚರ್ರ. ಏಜೆನ್ಸಿ ಆಫೀಸಿನ ಕ್ಲಾರ್ಕ್ ಓದಿ ಹೇಳಿದಾ. ಟಾಕಿಯಿಂದ ಮಂದಿಗೆ ಅಪಾಯ ಐತಿ ಅಂತ ನಾ ಬರದಿದ್ದೆ. ಅದರಾಗ ಮಂದಿಯಿಂದ ಟಾಕಿಗೆ ಅಪಾಯ ಐತಿ ಅಂತ ಆಗೇತಿ."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ನನ್ನ ಅಳು ಅವರಿಗೆ ಮುಜುಗರ ತಂದಿತು. "ಸಾಕ್ರಿ, ಸಾಕ್ರಿ. ನೀವು ಚಲೋ ಆಗಲಿ ಅಂತ ಬರದ್ರಿ. ತಪ್ಪು ನಂದ. ಓದಲಾರದ ಸಹಿ ಮಾಡಿದೆ. ಮೂವತ್ತು ವರ್ಷದಾಗ ಅದೊಂದ ಸಲ."

"ನನ್ನ ಮನಿ ಯಾಕ ಬಿಟ್ರಿ ಕಾಕಾ ನಕ್ಷಾದಾಗ?"

ಟೋಪಿಯ ಅಂಚಿನ ದಾರ ಕೀಳುತ್ತ ಕುಳಿತರು. "ಆಫೀಸಿಗೆ ಹೋದ ಕಾಗದಾ ಒಂದಿನ ತಿರುಗಿ ಬರ್ತೈತ್ರಿ. ನನಗ ಗೊತ್ತಿತ್ತು. ಚಲೋಕ್ಕ ಬಂದ್ರೂ ಕೆಟ್ಟಕ್ಕ ಬಂದ್ರೂ, ಬುಕ್ಕಿನ್ಯಾಗ ಇದ್ದವರನ್ನ ಮೊದಲ ಎನ್ಕ್ವಾಯರಿಗೆ ಕರೀತಾರ. ನನಗ ಕಲಿಸಿದವರನ್ನ ಹೆಂಗ ಬರೀಲ್ರಿ?" ಆಮೇಲೆ ದನಿ ತಗ್ಗಿಸಿ, "ನನ್ನ ಹೆಸರು ಎಲ್ಲೂ ಬರೀಬ್ಯಾಡ್ರಿ. ನಿಮ್ಮದೂ ಬರೀಬ್ಯಾಡ್ರಿ," ಅಂದರು.

ಮರುದಿನ ಟೆಂಪೋ ಏರುವ ಮೊದಲು ಅವರು ಬಾಗಿಲಲ್ಲಿ ನಿಂತು ತಮ್ಮದೇ ರಿಜಿಸ್ಟರಿನಲ್ಲಿ ತಮ್ಮ ಹೋದ ಸಮಯ ಬರೆದು ಸಹಿ ಮಾಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಓಣಿಯಲ್ಲಿ ಯಾರೂ ಹೊರಗೆ ಬರಲಿಲ್ಲ. ನಾನೂ ಹೋಗಲಿಲ್ಲ.

ಫಾತೋರ್ಡಾಕ್ಕೆ ಮಣ್ಣಿಗೆ ಹೋದಾಗ ಕಾಕು ನನ್ನ ಕೈ ಹಿಡಿದುಕೊಂಡೇ ಇದ್ದರು. ಅವರಿಗೆ ಎಲ್ಲ ಗೊತ್ತು, ಗೊತ್ತಿದ್ದೂ ಹಿಡಿದುಕೊಂಡಿದ್ದರು. ಅಂದು ಭಾನುವಾರ. ಮೂಲೆಯಲ್ಲಿಟ್ಟಿದ್ದ ಕಾಕಾನ ಫೋನು ಹನ್ನೊಂದಕ್ಕೆ ಟಿಣ್ ಅಂದಿತು. ತರಗತಿ ಶುರುವಾಗಿದೆ, ಸೇರಿಕೊಳ್ಳಿ ಎಂಬ ಸಂದೇಶ; ಓದು ನಿಂತ ಮೇಲೂ ಅವರ ಹೆಸರನ್ನು ಪಟ್ಟಿಯಿಂದ ತೆಗೆದಿರಲಿಲ್ಲ. ಯಾರೂ ಅದನ್ನು ಮುಟ್ಟಲಿಲ್ಲ.

ಈ ಸೋಮವಾರ ನಲ್ಲಿಯ ಕಂಬಕ್ಕೆ ದೊಡ್ಡ ನೋಟಿಸು ಅಂಟಿಸಿದ್ದರು. ಇಂಗ್ಲಿಷಿನಲ್ಲಿ ಎರಡು ಪ್ಯಾರಾ, ಕೆಳಗೆ ಕಂಪ್ಯೂಟರಿನಲ್ಲಿ ತೆಗೆದ ನಕ್ಷೆ. ಮಳೆ ನಿಂತ ಮೇಲೆ ತೆರವು ಎಂದಿತ್ತು. ಎರಡನೆಯ ಪ್ಯಾರಾವನ್ನು ಬೆರಳಿಟ್ಟು ಓದಿದೆ. ಈ ವಸತಿಯು ಮಹತ್ವದ ಸ್ಥಾವರಕ್ಕೆ ಗಂಭೀರ ಅಪಾಯ ಒಡ್ಡಿದೆ. ನನ್ನ ವಾಕ್ಯ. ಅಲ್ಪವಿರಾಮ ಕೂಡ ನಾನು ಹಾಕಿದ ಕಡೆಯೇ ಇತ್ತು.

ದುರ್ಗಪ್ಪ ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದ. ಮೇಲಿನ ರಸ್ತೆಯಿಂದ ಓಣಿಯೊಳಕ್ಕೆ ಒಂದು ಚುಕ್ಕೆಗೆರೆ ಇಳಿದಿತ್ತು, ಕಲ್ಲು ಒಡೆದು ಯಂತ್ರಗಳು ಬರುವ ಹೊಸ ದಾರಿ. ಅರವತ್ತಮೂರು ಮನೆಗಳ ಚೌಕ ತಪ್ಪಿಸಿ, ಖಾಲಿ ಜಾಗವೊಂದನ್ನು ಹುಡುಕಿ, ಅದರ ನಟ್ಟನಡುವೆ ಗೆರೆ ಹಾಯಿಸಿದ್ದರು. ಅಲ್ಲಿ 'ಓಪನ್ ಪ್ಲೇಸ್' ಎಂದು ಬರೆದಿತ್ತು. ಯಾವ ಆಫೀಸಿನವರೂ ಹಾಗೆ ಬರೆಯುವುದಿಲ್ಲ, ಅದು ನಮ್ಮ ಗೇಟ್ ಕಾಕಾನ ಇಂಗ್ಲಿಷು.

"ಟೀಚರ್ರ," ಅಂದ ದುರ್ಗಪ್ಪ, "ಇದು ನಿಮ್ಮ ಮನಿ ಜಾಗಾ ಅಲ್ಲೇನ್ರಿ? ಮೊದಲ ನಿಮ್ಮ ಮನೀ ಮ್ಯಾಲಿಂದನ ಬರ್ತಾವು ಇವು."

ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಬರೆದಿರಿ ಕಾಕಾ, ಅದೂ ನನ್ನನ್ನು ಉಳಿಸಲು.

"ಆ ಇಂಗ್ಲಿಷ್ ನಂದು ದುರ್ಗಪ್ಪ," ಅಂದೆ. "ಫೋನಿಂದಲ್ಲ. ಕಾಕಾ ಬರದದ್ದು ಬ್ಯಾರೆ ಇತ್ತು. ತಿರುವಿ ಬರದಾಕಿ ನಾ."

ಬಸವ್ವ ತುಂಬಿದ ಕೊಡವನ್ನು ಸೊಂಟದಿಂದ ಇಳಿಸಿದಳು. ದುರ್ಗಪ್ಪ ನಕ್ಷೆಯಿಂದ ಬೆರಳು ತೆಗೆದ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. "ಅಂವಾ ಸತ್ತ ಮ್ಯಾಲೆ ಹೇಳಾಕತ್ತೀರೇನ್ರಿ," ಅಂದ, ಅಷ್ಟೇ.

ಶಾಲೆಯ ಚೀಲದಿಂದ ಕೆಂಪು ಪೆನ್ನು ತೆಗೆದೆ. ಓಪನ್ ಪ್ಲೇಸ್ ಎಂಬುದರ ಮೇಲೆ ಒಂದೇ ಒಂದು ಗೆರೆ ಎಳೆದೆ, ಕೆಳಗಿನ ಅಕ್ಷರ ಕಾಣುವ ಹಾಗೆ. ಪಕ್ಕದಲ್ಲಿ 'ಮನೆ, ಅರವತ್ತನಾಲ್ಕು' ಎಂದು ಬರೆದೆ. ನನ್ನ ವಾಕ್ಯದ ಮೇಲೂ ಒಂದು ಗೆರೆ ಎಳೆದು, ಪಕ್ಕದ ಖಾಲಿ ಅಂಚಿನಲ್ಲಿ ಬರೆದೆ: ಟಾಕಿಗೆ ಬೆಂಕಿ ಹತ್ತಿದರೆ ಈ ಮಂದಿ ಎಲ್ಲಿಗೆ ಓಡಬೇಕು? ಅದನ್ನು ಬರೆಯುತ್ತಿರುವಾಗ ಸೈರನ್ ಕೂಗಿತು. ಮಕ್ಕಳು ಅಂದು ಜೊತೆಗೆ ಕೂಗಲಿಲ್ಲ. ಅದು ನಿಲ್ಲುವ ತನಕ ಎಲ್ಲರೂ ಇದ್ದಲ್ಲೇ ನಿಂತಿದ್ದರು.

ಕೆಳಗೆ ಸಮಯ ಹಾಕಿದೆ, ಏಳು ಗಂಟೆ ಒಂದು ನಿಮಿಷ. ಬರೆಯಬೇಡಿ ಎಂದು ಅವರು ಹೇಳಿದ್ದ ನನ್ನ ಹೆಸರನ್ನು, ತಂದೆಯ ಹೆಸರು, ಅಡ್ಡಹೆಸರಿನ ಸಹಿತ ಪೂರ್ತಿ ಬರೆದು ಸಹಿ ಮಾಡಿದೆ. ಎನ್ಕ್ವಾಯರಿಗೆ ಕರೆಯಲಿ.